ಹುಟ್ಟಿದ ವರ್ಷ

ಬಸ್ಸಿನಲ್ಲಿ ಮುಂದಿನ ಸೀಟು ಕೊಟ್ಟದ್ದಕ್ಕೇ ಚೌಡವ್ವನಿಗೆ ಮೊದಲು ಸಿಟ್ಟು ಬಂತು. ಪರಮೇಶ್ವರಪ್ಪ ಹೆಗಲ ಮೇಲಿನ ಟವೆಲು ತೆಗೆದು ತಾನೇ ಸೀಟಿನ ದೂಳು ಹೊಡೆದ. "ಕಿಟಕಿ ಕಡಿಗೆ ಕೂಡ್ರವ್ವ, ಗಾಳಿ ಬರ್ತೈತೆ" ಅಂದ. ಅವ್ವ ಅಂದ! ಅವನ ಬಾಯಲ್ಲಿ ಆ ಮಾತು ಹೊಸ ಚಪ್ಪಲಿಯ ಹಾಗೆ ಕಿರುಗುಟ್ಟಿತು. ಇದೇ ಬಾಯಿ ಒಂದು ಕಾಲದಲ್ಲಿ ಅವಳನ್ನು ಊರ ನಡುವೆ ನಿಲ್ಲಿಸಿ ಏನೇನೋ ಹೆಸರು ಹಿಡಿದು ಕರೆದಿತ್ತು. ಅದರಲ್ಲಿ ಅವ್ವ ಎಂಬುದು ಇರಲಿಲ್ಲ. ಅವಳು ಕೂತಳು. ಉಟ್ಟಿದ್ದ ಸೀರೆ ಹೊಸದು, ಗಂಜಿ ಬಿಟ್ಟಿರಲಿಲ್ಲ, ಮೊಣಕಾಲ ಮೇಲೆ ತಗಡಿನ ಹಾಗೆ ನಿಂತಿತು. ಅದೂ ಅವನೇ ತಂದು ಕೊಟ್ಟದ್ದು. ನಿನ್ನೆ ಸಂಜೆ ಹತ್ತಿ ಗಿರಣಿಯ ಬಾಗಿಲಲ್ಲಿ, ಕಸ ಆರಿಸಿ ಹೊರಗೆ ಬರುತ್ತಿದ್ದ ಹೆಂಗಸರೆಲ್ಲ ನೋಡುತ್ತಿರುವಾಗ, ಕಾಗದದಲ್ಲಿ ಸುತ್ತಿದ ಸೀರೆಯನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ. ಹುಬ್ಬಿಗೆಲ್ಲ ಹತ್ತಿಯ ನಾರು ಅಂಟಿಸಿಕೊಂಡು ಬಂದ ಚೌಡವ್ವ ಅವನ ಗುರುತು ಹಿಡಿಯಲಿಲ್ಲ. ಮೈ ಬಂದಿತ್ತು, ಕಪಾಳ ಜೋತಿತ್ತು. ಊರು ಬಿಟ್ಟು ದಾವಣಗೆರೆ ಸೇರಿ, ಮಂಡಿಯಲ್ಲಿ ದಲಾಲಿ ಅಂಗಡಿ ಇಟ್ಟು, ಪಿ.ಜೆ. ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದಾನೆ ಅಂತ ಕೇಳಿದ್ದಳು, ಎದುರು ನೋಡಿರಲಿಲ್ಲ. ಗುರುತು ಸಿಕ್ಕ ಕೂಡಲೆ ಅವಳ ಕೈ ತಾನಾಗಿಯೇ ತುರುಬಿಗೆ ಹೋಯಿತು. ಈ ಮನುಷ್ಯ ಹಿಡಿದು ಎಳೆದ ತುರುಬು. ಈಗ ಅದರಲ್ಲಿ ಹಿಡಿಯುವಷ್ಟು ಕೂದಲೂ ಇಲ್ಲ.

"ಚೌಡವ್ವ, ನಮ್ಮ ಶಾಂತಿಗೆ ನಿನ್ನಿಂದ ಒಂದು ಉಪಕಾರ ಆಗಬೇಕು" ಅಂದಿದ್ದ.

ಆ ಶಾಂತಿ ಈಗ ಅವಳ ಪಕ್ಕದಲ್ಲೇ ಕೂತಿದ್ದಳು. ಶಾಂತಕುಮಾರಿ. ಕನ್ನಡಕ, ಎರಡು ಜಡೆ, ತೊಡೆಯ ಮೇಲೆ ಇಂಗ್ಲಿಷ್ ಪುಸ್ತಕ. ಬಸ್ಸು ಗುಂಡಿಗೆ ಇಳಿದಾಗ ಹುಡುಗಿಯ ಚೂಪು ಮೊಣಕೈ ಚೌಡವ್ವನ ಪಕ್ಕೆಗೆ ತಾಗುತ್ತಿತ್ತು. ತಾಗಿದಾಗೆಲ್ಲ ಹುಡುಗಿ "ಸಾರಿ" ಅನ್ನುತ್ತಿದ್ದಳು. ಪಿ.ಯು.ಸಿ.ಯಲ್ಲಿ ಜಿಲ್ಲೆಗೇ ಮೊದಲು ಬಂದವಳು. ಮೈಸೂರಿನ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದ್ದಳು. ಎಲ್ಲೆಲ್ಲಿಯ ಮಕ್ಕಳೋ ಹಾಕುತ್ತಾರೆ, ಸೀಟು ಮಾತ್ರ ಕೆಲವೇ ಕೆಲವು, ಅದರಲ್ಲೂ ಹೆಣ್ಣುಮಕ್ಕಳ ಪಾಲಿಗೆ ಬರುವುದು ಬೆರಳಲ್ಲಿ ಎಣಿಸುವಷ್ಟು. ಆದರೆ ಈ ನಂಬರಿಗೆ ಸೀಟು ತಪ್ಪುವ ಹಾಗೇ ಇಲ್ಲ ಅಂತ ಕಾಲೇಜಿನ ಮೇಷ್ಟರು ಪೇಢೆ ತಿಂದುಕೊಂಡೇ ಹೇಳಿದ್ದರಂತೆ. ಆಮೇಲೆ ಯಾರೋ ವಯಸ್ಸು ನೋಡಿದರು. ಹದಿನೇಳು ತುಂಬಿರಬೇಕು. ಶಾಲೆಯ ಲೆಕ್ಕದಲ್ಲಿ ತುಂಬಿರಲಿಲ್ಲ, ಒಂದು ವರ್ಷ ಕಡಿಮೆ ಬಿದ್ದಿತ್ತು. ಊರ ಶಾಲೆಯ ಮಾಸ್ತರು ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದ ಬಗೆ ಚೌಡವ್ವನಿಗೆ ಗೊತ್ತಿಲ್ಲದ್ದೇನಲ್ಲ. ಬಲಗೈಯನ್ನು ನೆತ್ತಿಯ ಮೇಲಿನಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಐದು ವರ್ಷ ಆಯಿತು. ಮುಟ್ಟದಿದ್ದರೆ ಮನೆಗೆ ಹೋಗು, ಮುಂದಿನ ವರ್ಷ ಬಾ. ಈ ಹುಡುಗಿಯ ಕೈ ಗಿಡ್ಡ. ಮೊದಲ ಸಲ ಬೆರಳು ಕಿವಿಯ ತನಕ ಬರಲಿಲ್ಲ, ಮಾಸ್ತರು ವಾಪಸ್ಸು ಕಳಿಸಿದರು. ಮರುವರ್ಷ ಮುಟ್ಟಿತು. ಮುಟ್ಟಿದ ದಿನಕ್ಕೆ ಸರಿಯಾಗಿ ಐದು ತುಂಬಿತೆಂದು ಮಾಸ್ತರು ಬರೆದುಕೊಂಡರು, ಅಪ್ಪ ಕೇಳಲೂ ಇಲ್ಲ. ಹುಡುಗಿ ಒಳಗೆ ಹೋದ ಮೇಲೆ ಒಂದು ಕ್ಲಾಸು ಹಾರಿ ಓದಿದಳು. ಹೀಗೆ ಜಿಲ್ಲೆಗೇ ಮೊದಲು ಬಂದವಳು ಒಂದು ಬೆರಳ ಗಿಡ್ಡಕ್ಕೆ ಸಿಕ್ಕಿಕೊಂಡು ಕೂತಿದ್ದಳು. ಮಾಸ್ತರು ಸತ್ತಿದ್ದಾರೆ. ಪರಮೇಶ್ವರಪ್ಪನ ತಾಯಿ ಸತ್ತಿದ್ದಾಳೆ. ಹೆತ್ತವಳು ಸತ್ತಿದ್ದಾಳೆ. ಹರಿಹರದ ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರ ಮುಂದೆ ನಿಂತು ಈ ಮಗು ಇಂಥ ವರ್ಷ ಹುಟ್ಟಿತು, ನನ್ನ ಕೈಯಲ್ಲೇ ಹುಟ್ಟಿತು ಅಂತ ಹೇಳಬಲ್ಲವಳು ಲೋಕದಲ್ಲಿ ಒಬ್ಬಳೇ ಉಳಿದಿದ್ದಳು. ಸೂಲಗಿತ್ತಿ ಚೌಡವ್ವ.

ಮಹಾಯುದ್ಧ ಮುಗಿದ ವರ್ಷ ಅನ್ನಬೇಕು. ಅಷ್ಟೇ ಮಾತು. ಅಂದರೆ ಹುಡುಗಿ ಡಾಕ್ಟರು. ಅದರ ಮರುವರ್ಷ ಅಂದರೆ ಮುಗಿಯಿತು. ಒಂದು ವರ್ಷ ಕೂತರೆ ಮತ್ತೆ ಅರ್ಜಿ ಹಾಕಬಹುದಿತ್ತು, ಆದರೆ ಪರಮೇಶ್ವರಪ್ಪನ ಎರಡನೆಯ ಹೆಂಡತಿ ಅಷ್ಟು ದಿನ ಕಾಯುವವಳಲ್ಲ ಅಂತ ಗಿರಣಿಯ ಹೆಂಗಸರಿಗೂ ಗೊತ್ತಿತ್ತು. ರಾಣೆಬೆನ್ನೂರಿನಿಂದ ಒಂದು ಗಂಡು ಆಗಲೇ ಬಂದು ನೋಡಿ ಹೋಗಿತ್ತು. ಈ ವರ್ಷ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಮಾಘದಲ್ಲಿ ಮದುವೆ. ಚೌಡವ್ವ ರಾತ್ರಿಯೆಲ್ಲ "ಮರುವರ್ಷ" ಅನ್ನುವ ಮಾತನ್ನು ಅಡಿಕೆ ಹೋಳಿನ ಹಾಗೆ ದವಡೆಯಲ್ಲಿ ಇಟ್ಟುಕೊಂಡು ಚೀಪಿದ್ದಳು. ಸಿಹಿಯಾಗಿತ್ತು. ಬೈಯಬೇಕಿಲ್ಲ, ಕೂಗಬೇಕಿಲ್ಲ, ಶಾಪ ಹಾಕಬೇಕಿಲ್ಲ. ಸಾಹೇಬರ ಮುಂದೆ ಕೈ ಮುಗಿದು, ತಗ್ಗಿದ ದನಿಯಲ್ಲಿ, "ಮರುವರ್ಷ ಸ್ವಾಮಿ" ಅಂದರೆ ಸಾಕು. ಅವನ ಟವೆಲು ಹೆಗಲಿನಿಂದ ಜಾರುವುದನ್ನು ನೋಡಬೇಕು. ಅದಕ್ಕೇ ಅವಳು ಸೀರೆ ಇಸಿದುಕೊಂಡಳು, ಅದಕ್ಕೇ ಗಿರಣಿಗೆ ರಜೆ ಹಾಕಿ ಬಸ್ಸು ಹತ್ತಿದಳು.

ಒಂದೇ ಒಂದು ಮುಳ್ಳು ಇತ್ತು. ಈ ಹುಡುಗಿ ಯಾವ ವರ್ಷ ಹುಟ್ಟಿದಳೆಂದು ಚೌಡವ್ವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ವರ್ಷ ಹಾಳಾಗಲಿ, ಹುಟ್ಟಿದ್ದೇ ನೆನಪಿರಲಿಲ್ಲ. ಸುತ್ತಿನ ಊರುಗಳಲ್ಲಿ ಎಷ್ಟೋ ಹೆರಿಗೆ ಮಾಡಿಸಿದ್ದಳು. ಸಲೀಸಾಗಿ ಆದದ್ದು ಯಾವುದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಬಿಸಿನೀರು, ಹರಳೆಣ್ಣೆ, ಅಳು, ಮೊರದಲ್ಲಿ ಅಕ್ಕಿ, ಮನೆಗೆ ಬಾ. ಕಿಟಕಿಯಿಂದ ಮುಖ ತಿರುಗಿಸಿ ಅವಳು ಹುಡುಗಿಯನ್ನು ದಿಟ್ಟಿಸಿದಳು. ಗಲ್ಲ, ಹಣೆ, ಕಿವಿ. ಏನೂ ಮೇಲೆದ್ದು ಬರಲಿಲ್ಲ. ಎದ್ದು ಬಂದದ್ದು ಕೊಟ್ರವ್ವನ ಮೂಗು. ಹುಡುಗಿಯ ತಾಯಿ ಕೊಟ್ರವ್ವ. ಅವಳ ಎರಡನೆಯ ಹೆರಿಗೆ ಮಾತ್ರ ಚೌಡವ್ವನಿಗೆ ಮರೆಯಬೇಕೆಂದರೂ ಮರೆಯದ ಹಾಗೆ ನೆನಪಿತ್ತು. ಸ್ವಾತಂತ್ರ್ಯ ಬಂದ ವರ್ಷದ ಕಾರಹುಣ್ಣಿಮೆ. ಹಿತ್ತಲಲ್ಲಿ ಪರಮೇಶ್ವರಪ್ಪ ಎತ್ತಿನ ಕೋಡಿಗೆ ಕೆಮ್ಮಣ್ಣು ಬಳಿಯುತ್ತಿದ್ದ, ಹಸಿರು ಬಳಿಯುತ್ತಿದ್ದ, ಕೊರಳಿಗೆ ಕೊಬ್ಬರಿ ಬಟ್ಟಲಿನ ಸರ ಕಟ್ಟುತ್ತಿದ್ದ. ಒಳಗೆ ಕತ್ತಲೆ ಕೋಣೆಯಲ್ಲಿ ಕೊಟ್ರವ್ವ ಹಗ್ಗ ಹಿಡಿದು ಜಗ್ಗುತ್ತಿದ್ದಳು. ಮಗುವಿನ ತಲೆ ಬರಲಿಲ್ಲ. ಒಂದು ಪುಟ್ಟ ಕೈ ಬಂತು, ಮೊಣಕೈಯ ತನಕ, ನೀಲಿ. ಚೌಡವ್ವ ಕೈಗೆ ಎಣ್ಣೆ ಹಚ್ಚಿಕೊಂಡು ಒಳಗೆ ತಳ್ಳಿ ತಿರುಗಿಸಲು ನೋಡಿದಳು. ಅದು ತಿರುಗಲಿಲ್ಲ. ರಕ್ತದ ಬಣ್ಣ ಬೇರೆಯಾಯಿತು. ಅವಳು ಹಾಗೆಯೇ, ಒದ್ದೆ ಕೈಯಲ್ಲೇ ಹಿತ್ತಲಿಗೆ ಓಡಿದಳು. "ಗೌಡ್ರೆ, ಗಾಡಿ ಕಟ್ರಿ. ದಾವಣಗೆರೆ ಆಸ್ಪತ್ರಿಗೆ ಒಯ್ರಿ. ಇದು ನನ್ನ ಕೈಯಾಗೆ ಇಲ್ಲ." ಅವನು ಬಣ್ಣದ ಕುಂಚ ಹಿಡಿದೇ ತಿರುಗಿದ. "ಕಾರಹುಣ್ಣಿಮಿ ದಿನ ಎತ್ತಿನ ಹೆಗಲಿಗೆ ನೊಗ ಇಡ್ತಾರೇನೇ ಚೌಡಿ? ತಲೆ ನೆಟ್ಟಗೈತೇನು ನಿಂದು? ಕರಿ ಹರೀಲಿ, ಆಮ್ಯಾಲೆ ನೋಡಾಣ ನಡಿ." ಆ ದಿನ ಊರಿನಲ್ಲಿ ಬೇರೆ ಯಾರೂ ನೊಗ ಮುಟ್ಟುವವರಿರಲಿಲ್ಲ. ಸಂಜೆ ಊರ ಅಗಸಿಬಾಗಿಲ ಮುಂದೆ ಅಡ್ಡ ಕಟ್ಟಿದ ಕರಿಯನ್ನು, ಆ ಬೇವಿನ ಸೊಪ್ಪಿನ ಹಗ್ಗವನ್ನು, ಯಾರ ಎತ್ತು ಮೊದಲು ಹರಿದುಕೊಂಡು ಓಡುತ್ತದೋ ಅವರಿಗೆ ವರ್ಷವೆಲ್ಲ ಮರ್ಯಾದೆ. ಅವನ ಎತ್ತೇ ಹರಿಯಿತು. ಹಲಗೆ ಬಡಿಯುತ್ತ, ಕೊರಳಿಗೆ ಹೂವು ಹಾಕಿ, ಮುಖಕ್ಕೆ ಭಂಡಾರ ಹಚ್ಚಿ ಜನ ಅವನನ್ನು ಮನೆಯ ತನಕ ತಂದರು. ಅಷ್ಟರಲ್ಲಿ ಚೌಡವ್ವ ಕೊಟ್ರವ್ವನ ಕಣ್ಣು ಮುಚ್ಚಿಸಿ, ಕೈ ತೊಳೆಯುವುದನ್ನೂ ಮರೆತು ಹೊಸ್ತಿಲ ಮೇಲೆ ಕೂತಿದ್ದಳು. ಹೂವಿನ ಹಾರ ಹಾಕಿಕೊಂಡೇ ಅವನು ಅವಳ ತುರುಬು ಹಿಡಿದ. ಅದೇ ಜನ, ಅದೇ ಹಲಗೆಯವರು, ನಿಂತು ನೋಡಿದರು. "ಕೆಟ್ಟ ಕೈ ಇದು! ಕೊಂದಳು ನನ್ನ ಹೆಂಡ್ತೀನ!" ಮಾರನೆಯ ದಿನದಿಂದ ಆ ಸೀಮೆಯಲ್ಲಿ ಯಾವ ಮನೆಯವರೂ ಅವಳನ್ನು ಕರೆಯಲಿಲ್ಲ. ಬೀದಿಯಲ್ಲಿ ಬಸುರಿಯರು ಅವಳನ್ನು ಕಂಡರೆ ಸೆರಗು ಮುಂದೆ ಎಳೆದುಕೊಳ್ಳುತ್ತಿದ್ದರು.

"ಅಮ್ಮಾ, ನಿಮಗೆ ಬಿಸಿಲು ಬೀಳ್ತಾ ಐತೇನು? ನಾನು ಆ ಕಡೆ ಬರಲಾ?" ಹುಡುಗಿ ಕೇಳಿದಳು. ನೀವು ಅನ್ನುತ್ತಿದ್ದಳು. ಅದೂ ಸಿಟ್ಟು ತರಿಸಿತು. ಬ್ಯಾಡ ಅಂತ ಚೌಡವ್ವ ತಲೆ ಅಲ್ಲಾಡಿಸಿದಳು. ಹುಡುಗಿ ಮತ್ತೆ ಪುಸ್ತಕ ಮುಚ್ಚಿ, ಕಣ್ಣು ಮುಚ್ಚಿ, ತುಟಿಯಲ್ಲೇ ಇಂಗ್ಲಿಷಿನಲ್ಲಿ ಏನನ್ನೋ ಉರು ಹೊಡೆಯತೊಡಗಿದಳು. ಮಂತ್ರದ ಹಾಗೆ ಅದೇ ಅದೇ ಮತ್ತೆ ಬರುತ್ತಿತ್ತು.

"ಏನವ್ವ ಅದು, ದೇವರ ಹಾಡಾ?"

ಹುಡುಗಿ ನಕ್ಕಳು. "ಹಾಡಲ್ಲ. ಬೆಂಗಳೂರಾಗೆ ಇಂಟರ್‌ವ್ಯೂ ಮಾಡ್ತಾರೆ. ದೊಡ್ಡ ದೊಡ್ಡ ಡಾಕ್ಟ್ರು ಕೂತಿರ್ತಾರೆ. ನೀನು ಯಾಕ ಡಾಕ್ಟ್ರಾಗಬೇಕು ಅಂತ ಕೇಳೇ ಕೇಳ್ತಾರಂತೆ. ಅದಕ್ಕೆ ಉತ್ತರ. ನಮ್ಮ ಮೇಡಂ ಬರೆದುಕೊಟ್ಟರು, ನಾನು ತಿದ್ದೀನಿ."

"ಏನಂತ ಉತ್ತರ?"

"ನಮ್ಮ ತಾಯಿ ಹೆರಿಗೇಲಿ ತೀರಿಕೊಂಡರು. ಊರಾಗೆ ಯಾವಳೋ ಒಬ್ಬಳು ಸೂಲಗಿತ್ತಿ ಇದ್ದಳಂತೆ, ಏನೂ ಗೊತ್ತಿಲ್ಲದೋಳು. ಹೊಲಸು ಕೈ ಹಾಕಿ ಕೊಂದುಬಿಟ್ಟಳು. ಇಂಥ ಅಜ್ಞಾನಿಗಳ ಕೈಯಿಂದ ನಮ್ಮ ಹಳ್ಳಿ ಹೆಂಗಸರನ್ನ ಬಿಡಿಸಬೇಕು, ಅದಕ್ಕೆ ನಾನು ಡಾಕ್ಟ್ರಾಗಬೇಕು. ಹಿಂಗೆ ಹೇಳ್ತೀನಿ." ಹುಡುಗಿ ಕನ್ನಡಕ ಸರಿಮಾಡಿಕೊಂಡು, ಏನೋ ತಪ್ಪಿದವಳಂತೆ ಅವಳ ಮೊಣಕಾಲ ಮೇಲೆ ಕೈಯಿಟ್ಟಳು. "ನಿಮ್ಮಂಥೋರಿಗಲ್ಲಮ್ಮ ನಾನು ಹೇಳಿದ್ದು. ನೀವು ನನ್ನ ಹುಟ್ಟಿಸಿದೋರು. ಅವಳು ಬ್ಯಾರೆ ಯಾವಳೋ."

ಹಿಂದಿನ ಸೀಟಿನಲ್ಲಿ ಪರಮೇಶ್ವರಪ್ಪ ಕೆಮ್ಮಿದ. ಬಗ್ಗಿ, ಮಗಳ ಕಿವಿಯ ಹತ್ತಿರ, "ಶಾಂತಿ, ಸುಮ್ಮನೆ ಓದಿಕೋ. ಚೌಡವ್ವನ ತಲಿ ಯಾಕ ತಿಂತೀಯ?" ಅಂದ. ಅವನ ಬಾಯಿಂದ ಬೆಳಗಿನ ಉಪ್ಪಿಟ್ಟಿನ ವಾಸನೆ ಬಂತು.

ಚೌಡವ್ವ ಹೊರಗೆ ನೋಡಿದಳು. ಜೋಳದ ಹೊಲ, ಬೇಲಿ, ರೈಲಿನ ಕಂಬ, ಕಂಬದ ಮೇಲೊಂದು ಹಕ್ಕಿ. ಯಾವುದೂ ಕಣ್ಣೊಳಗೆ ಹೋಗಲಿಲ್ಲ. ಹೊಲಸು ಕೈ. ತನ್ನ ಎರಡು ಕೈಗಳನ್ನು ಹೊಸ ಸೀರೆಯ ಮೇಲೆ ಅಂಗಾತ ಇಟ್ಟು ನೋಡಿಕೊಂಡಳು. ಕೈ ಹಾಕಿದ್ದು ಸುಳ್ಳಲ್ಲ. ಎಷ್ಟು ಸಲ ಹಾಕಿದಳು? ಅವನು ಗಾಡಿ ಕಟ್ಟುವುದಿಲ್ಲ ಅಂದ ಮೇಲೆ ಮತ್ತೆ ಒಳಗೆ ಹೋಗಿ ಹಾಕಿದಳಲ್ಲ, ಆಗ ಬೆರಳಿಗೆ ಏನೋ ಹರಿದ ಹಾಗೆ ಅನಿಸಿತಲ್ಲ, ಅದು ಏನು? ಒಳಗಿನ ಯಾವುದೋ ನರವಾ, ಬರೀ ತನ್ನ ಹೆದರಿಕೆಯಾ? ಹತ್ತಿ ಆರಿಸುವಾಗ ಎಳೆ ಪಟ್ಟನೆ ಹರಿದರೆ ಇವತ್ತಿಗೂ ಅವಳ ಕೈ ನಿಂತುಬಿಡುತ್ತದೆ. ಕೆಲಸ ನೋಡಿಕೊಳ್ಳುವ ಮುಕಾದಮ ಬೈಯುತ್ತಾನೆ. ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೆ ತಾನೂ ಪೂರ್ತಿ ಹೇಳಿಕೊಂಡಿರಲಿಲ್ಲ. ಈಗ ಈ ಗಿಡ್ಡ ಕೈಯ ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಉರು ಹೊಡೆದುಕೊಂಡು ಬೆಂಗಳೂರಿಗೆ ಒಯ್ಯುತ್ತಾಳೆ. ದೊಡ್ಡ ದೊಡ್ಡ ಡಾಕ್ಟರುಗಳ ಮುಂದೆ ಇಡುತ್ತಾಳೆ. ಅವರು ತಲೆದೂಗುತ್ತಾರೆ. ಅದರ ಮೇಲೆ ಸೀಟು ಕೊಡುತ್ತಾರೆ. ಗಾಡಿ ಕಟ್ಟದವನು ಮಗಳ ಪಕ್ಕ ನಿಂತು ಪೇಢೆ ಹಂಚುತ್ತಾನೆ. ಮರುವರ್ಷ, ಮರುವರ್ಷ, ಮರುವರ್ಷ ಅಂತ ಚಕ್ರ ತಿರುಗಿದ ಹಾಗೆ ಅವಳ ತಲೆ ತಿರುಗಿತು.

ಹರಿಹರದಲ್ಲಿ ಇಳಿದಾಗ ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಕಚೇರಿಗೆ ಹೋಗುವ ಮೊದಲು ಪರಮೇಶ್ವರಪ್ಪ ಹೋಟೆಲಿಗೆ ಕರೆದ. ಒಳಗೆ, ಕುರ್ಚಿಯ ಮೇಲೆ. ಊರಿನ ಅವನ ಮನೆಯಲ್ಲಿ ಅವಳಿಗೆ ನೀರು ಕೊಡುತ್ತಿದ್ದದ್ದು ಮೇಲಿನಿಂದ, ಬೊಗಸೆಗೆ. ಹೆರಿಗೆ ಮಾಡಿಸಲು ಒಳಕೋಣೆಗೆ ಹೋಗಬಹುದು, ಲೋಟ ಮುಟ್ಟಬಾರದು. ಈಗ ಅವನೇ ಚಹಾದ ಕಪ್ಪನ್ನು ಅವಳ ಮುಂದೆ ತಳ್ಳಿದ. "ಕುಡಿಯವ್ವ, ಆರಿಹೋಗ್ತೈತೆ." ಅವಳು ಬೇಕೆಂದೇ ಕಪ್ಪಿನ ಕೆಳಗಿನ ಬಸಿಗೆ ಹುಯ್ದುಕೊಂಡು, ಸದ್ದು ಮಾಡಿ, ನಿಧಾನವಾಗಿ ಕುಡಿದಳು. ಇನ್ನೊಂದು ಕಪ್ಪು ಬೇಕು ಅಂದಳು. ತರಿಸಿದ. ಮಂಡಕ್ಕಿ ಬೇಕು ಅಂದಳು. ತರಿಸಿದ. ಗೋಡೆಯ ಗಡಿಯಾರವನ್ನು ನೋಡುತ್ತ ಕಾಲು ಅಲ್ಲಾಡಿಸುತ್ತಿದ್ದ. ಹುಡುಗಿ ಕೈ ತೊಳೆಯಲು ಹೋದಾಗ ಅವಳು ಮಂಡಕ್ಕಿ ಅಗಿಯುತ್ತಲೇ ಕೇಳಿದಳು:

"ಬ್ಯಾರೆ ಯಾವಳೋ ಅಂತಲ್ಲ ಗೌಡ್ರೆ, ಯಾರವಳು?"

ಅವನ ಕಾಲು ನಿಂತಿತು. "ಹಳೇದು ಯಾಕ ತೆಗಿತೀಯ? ಹುಡುಗಿಗೆ ಹೆಸರು ಹೇಳಿಲ್ಲ ನಾನು. ನಿನ್ನ ಹೆಸರು ಕಾಯ್ದೀನಿ ನೋಡು."

"ಕಾಯ್ದೀರಿ?"

"ಹ್ಞೂಂ ಮತ್ತೆ. ಹೇಳಿದ್ರೆ ಅದು ನಿನ್ನ ಪಕ್ಕದಾಗೆ ಕೂಡ್ತಿತ್ತೇನು?"

ಅವನು ಅದನ್ನು ಉಪಕಾರ ಅಂತಲೇ ತಿಳಿದಿದ್ದ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕಳ್ಳತನ ಮಾಡಿದವನ ಮುಖವಾಗಿರಲಿಲ್ಲ. ದಾನ ಕೊಟ್ಟು, ಅದನ್ನು ಯಾರಿಗೂ ಹೇಳದೆ ಉಳಿದವನ ಮುಖ. ಅವಳು ಮಂಡಕ್ಕಿಯ ತಟ್ಟೆ ಸರಿಸಿ ಎದ್ದಳು.

ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಅರ್ಜಿ ಬರೆಯುವ ಹಿದಾಯತ್ ಸಾಬರು ಪೆಟ್ಟಿಗೆ ಇಟ್ಟುಕೊಂಡು ಕಾಯುತ್ತಿದ್ದರು. ಬಿಳಿ ಗಡ್ಡ, ಕಿವಿಯ ಮೇಲೆ ಪೆನ್ನು. ಬರೆದದ್ದನ್ನು ಓದಿ ಹೇಳಿದರು. "ಅಮ್ಮಾ, ಸಾಹೇಬ್ರು ಕೇಳಿದ್ದಕ್ಕೆ ಅಷ್ಟೇ ಜವಾಬು. ಯಾವ ವರ್ಷ ಅಂದ್ರೆ ಯುದ್ಧ ಮುಗಿದ ವರ್ಷ. ಯಾರ ಕೈಯಾಗೆ ಅಂದ್ರೆ ನನ್ನ ಕೈಯಾಗೆ. ಹೆಂಗೆ ಗೊತ್ತು ಅಂದ್ರೆ ಆಗ ಸೀಮೆಎಣ್ಣೆಗೆ ರೇಷನ್ ಇತ್ತು, ದೀಪ ಇಲ್ಲದೆ ಒದ್ದಾಡಿದ್ವಿ ಅನ್ನು. ಜಾಸ್ತಿ ಮಾತು ಬ್ಯಾಡ. ಜಾಸ್ತಿ ಮಾತಾಡಿದ್ರೆ ಕೆಲಸ ಖರಾಬ್."

"ನಾನು ಮಾತು ಕಡಿಮಿ ಸಾಬ್ರೆ" ಅಂದಳು ಚೌಡವ್ವ.

"ಹೆಂಗಸರು ಹಂಗಂದಾಗ್ಲೇ ನನಗೆ ಹೆದರಿಕಿ" ಅಂತ ನಕ್ಕು ಅವರು ಮೇಲೆದ್ದರು.

ಅಮಲ್ದಾರರು ಎಳೆಯ ಮನುಷ್ಯ. ಮೇಜಿನ ಆ ಕಡೆ ಕೂತು, ತಲೆಯೆತ್ತದೆ, ಹೆಸರೇನು, ಗಂಡನ ಹೆಸರೇನು, ಊರೇನು ಅಂತ ಕೇಳಿದರು. ಸತ್ಯ ಹೇಳುತ್ತೇನೆ ಅನ್ನಿಸಿದರು. ಪರಮೇಶ್ವರಪ್ಪ ಎಡಕ್ಕೆ ನಿಂತು ಕೈ ಮುಗಿದುಕೊಂಡಿದ್ದ. ಹುಡುಗಿ ಜಡೆಯ ತುದಿ ಕಚ್ಚುತ್ತಿದ್ದಳು. ಜಿಲ್ಲೆಗೇ ಮೊದಲು ಬಂದವಳು ಕುರಿಮರಿಯ ಹಾಗೆ ಜಡೆ ಕಚ್ಚುತ್ತ ಚೌಡವ್ವನ ಬಾಯನ್ನೇ ನೋಡುತ್ತಿದ್ದಳು. ಯಾರೂ ಯಾವತ್ತೂ ಅವಳ ಬಾಯನ್ನು ಹಾಗೆ ನೋಡಿರಲಿಲ್ಲ.

"ಈ ಹುಡುಗಿ ಹುಟ್ಟಿದಾಗ ಇದ್ದವಳು ನೀನೇನಾ?"

"ನಾನೇ ಸ್ವಾಮಿ."

"ಯಾವ ವರ್ಷ?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಉಗುಳಿದರೆ ಆಯಿತು. ಆದರೆ ಆಗಲೇ, ಬಾಯಿ ತೆರೆದ ಮೇಲೆ, ಅದು ಸಣ್ಣದು ಅನಿಸಿತು. ಸೀಟು ಹೋಗುತ್ತದೆ. ಆಮೇಲೆ? ಹುಡುಗಿ ಅಳುತ್ತಾಳೆ, ಅಪ್ಪ ತಲೆ ಸವರುತ್ತಾನೆ. ನೋಡಿದೆಯಾ ಮಗಳೇ, ಅವಳೇ ಇವಳು, ನಿನ್ನ ತಾಯಿಯನ್ನು ಕೊಂದವಳು, ಈಗ ನಿನ್ನ ಓದನ್ನೂ ಕೊಂದಳು ಅನ್ನುತ್ತಾನೆ. ಇಬ್ಬರೂ ಒಂದೇ ಮನೆಯಲ್ಲಿ ಕೂತು ಒಂದೇ ಬಾಯಿಂದ ಅವಳನ್ನು ಬೈಯುತ್ತಾರೆ. ಮಾಘದಲ್ಲಿ ಮದುವೆಯಾಗಿ ರಾಣೆಬೆನ್ನೂರಿಗೆ ಹೋದ ಹುಡುಗಿ ಅಪ್ಪನನ್ನು ನೆನೆದು ಕಣ್ಣೀರು ಹಾಕುತ್ತಾಳೆ. ಅವನು ಶುದ್ಧನಾಗಿಯೇ ಸಾಯುತ್ತಾನೆ. ರಾತ್ರಿಯೆಲ್ಲ ಚೀಪಿದ್ದಕ್ಕೆ ಇಷ್ಟೇನಾ ರಸ?

"ಯುದ್ಧ ಮುಗಿದ ವರ್ಷ ಸ್ವಾಮಿ" ಅಂದಳು.

ಪರಮೇಶ್ವರಪ್ಪ ಉಸಿರು ಬಿಟ್ಟದ್ದು ಕೋಣೆಗೆಲ್ಲ ಕೇಳಿಸಿತು. ಅಮಲ್ದಾರರು ಈಗ ತಲೆಯೆತ್ತಿದರು. "ಎಷ್ಟೋ ಹೆರಿಗೆ ಮಾಡಿಸಿರ್ತೀಯ. ಇವಳದ್ದು ಅದೇ ವರ್ಷ ಅಂತ ಹೆಂಗೆ ಹೇಳ್ತೀಯ? ಹೇಳಿಕೊಟ್ಟಿದ್ದು ಬ್ಯಾಡ, ಗೊತ್ತಿದ್ದು ಹೇಳು."

"ಗೊತ್ತೈತ್ರಿ. ಸೀಮೆಎಣ್ಣಿ ಇರಲಿಲ್ಲ. ಹರಳೆಣ್ಣಿ ದೀಪ ಹಚ್ಚಿದ್ವಿ. ಕೋಳಿ ಕೂಗೋ ಹೊತ್ತು. ಕೂಸಿನ ಕೊರಳಿಗೆ ಹೊಕ್ಕಳಬಳ್ಳಿ ಸುತ್ತಿತ್ತು, ನೀಲಿಗಟ್ಟಿತ್ತು, ಅಳಲಿಲ್ಲ. ಬಳ್ಳಿ ಬಿಡಿಸಿ, ಕಾಲು ಹಿಡಿದು ಬೆನ್ನಿಗೆ ಬಡಿದೆ. ಆಮ್ಯಾಲೆ ಅತ್ತಿತು." ಒಂದೂ ನಿಜವಲ್ಲ. ಒಂದೊಂದು ಮನೆಯದು ಒಂದೊಂದು ಚೂರು. ಆದರೆ ಸಲೀಸಾಗಿ ಬಂತು, ಕಟ್ಟಿಟ್ಟ ಹಾಗೆ ಬಂತು. ಹುಡುಗಿ ಜಡೆ ಬಿಟ್ಟಳು. ಅವಳ ಕೈ ತನಗೇ ಅರಿವಿಲ್ಲದೆ ಕೊರಳಿಗೆ ಹೋಯಿತು. "ಮತ್ತೆ ಸ್ವಾಮಿ, ಇದು ಹುಟ್ಟಿ ಎರಡು ವರ್ಷಕ್ಕೆ ಇದರ ತಾಯಿ ಸತ್ತಳು. ಸ್ವಾತಂತ್ರ್ಯ ಬಂದ ವರ್ಷ. ಕಾರಹುಣ್ಣಿಮಿ. ಅಲ್ಲಿಂದ ಹಿಂದಕ್ಕೆ ಎಣಿಸಿ ನೋಡ್ರಿ, ವರ್ಷ ಸರಿ ಹೋಗ್ತೈತೆ."

"ಸಾಹೇಬ್ರೆ, ಅದೆಲ್ಲ ಇದಕ್ಕೆ ಬ್ಯಾಡ್ರಿ..." ಪರಮೇಶ್ವರಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಇರ್ರಿ. ವರ್ಷ ಗಟ್ಟಿ ಆಗಬೇಕಲ್ಲ. ಆ ದಿನ ನಿನಗೆ ಹೆಂಗೆ ನೆನಪು?"

"ನನ್ನ ಕೈಯಾಗೇ ಸತ್ತಳಲ್ರಿ. ಕೂಸು ಅಡ್ಡ ಬಿದ್ದಿತ್ತು, ಕೈ ಮುಂದೆ ಬಂದಿತ್ತು. ಗಾಡಿ ಕಟ್ರಿ ಗೌಡ್ರೆ, ದಾವಣಗೆರೆ ಆಸ್ಪತ್ರಿಗೆ ಒಯ್ರಿ ಅಂತ ಇವರ ಕಾಲು ಹಿಡಿದೆ. ಇವರು ಎತ್ತಿನ ಕೋಡಿಗೆ ಬಣ್ಣ ಹಚ್ಚತಿದ್ರು. ಕಾರಹುಣ್ಣಿಮಿ ದಿನ ನೊಗ ಇಡಬಾರದು, ಕರಿ ಹರಿದ ಮ್ಯಾಲೆ ನೋಡಾಣ ಅಂದ್ರು. ಕರಿ ಇವರ ಎತ್ತೇ ಹರೀತು ಸ್ವಾಮಿ. ಹಾರ ಹಾಕ್ಕೊಂಡು ಮನಿಗೆ ಬಂದ್ರು..."

"ಏ ಚೌಡಿ! ಬಾಯಿ ಮುಚ್ಚೇ!"

ಪರಮೇಶ್ವರಪ್ಪನ ಕುತ್ತಿಗೆಯ ನರ ಉಬ್ಬಿತ್ತು, ಕೈ ಮೇಲೆದ್ದಿತ್ತು. ಚೌಡವ್ವನ ಮೈಯಲ್ಲೆಲ್ಲ ಬೆಚ್ಚಗೆ ಏನೋ ಹರಿಯಿತು. ಇದಕ್ಕೇ ಬಂದಿದ್ದಳು. ಅವ್ವ ಅನ್ನುವ ಸಿಪ್ಪೆ ಸುಲಿದು ಬಿದ್ದು, ಒಳಗಿನದು ಹೊರಗೆ ಬಂದಿತ್ತು. ಅವಳು ಅವನ ಕಡೆ ನೋಡಲಿಲ್ಲ, ಹುಡುಗಿಯ ಕಡೆ ತಿರುಗಿದಳು. "ಇದೇ ದನಿ ನೋಡವ್ವ. ಅವತ್ತೂ ಇದೇ ದನಿ. ಆ ಯಾವಳೋ ಒಬ್ಬಳು ಸೂಲಗಿತ್ತಿ ನಾನೇ. ಬ್ಯಾರೆಯೋಳು ಯಾರೂ ಇಲ್ಲ."

ಹಿದಾಯತ್ ಸಾಬರು ಕಣ್ಣು ಮುಚ್ಚಿಕೊಂಡರು. ಅಮಲ್ದಾರರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಒಬ್ಬೊಬ್ಬರ ಮುಖ ನೋಡಿ ಕೊನೆಗೆ ಮೇಜನ್ನೇ ನೋಡಿದರು. "ಅದೆಲ್ಲ ನಿಮ್ಮ ನಿಮ್ಮಲ್ಲಿ. ನನಗೆ ವರ್ಷ ಬೇಕಿತ್ತು, ಸಿಕ್ಕಿತು. ಹೆಬ್ಬೆಟ್ಟು ಹಾಕಿಸ್ರಿ." ನೆನಪೇ ಇಲ್ಲದ ಹುಟ್ಟಿಗೆ ಚೌಡವ್ವ ಹೆಬ್ಬೆಟ್ಟು ಒತ್ತಿದಳು. ಮಸಿ ಉಗುರಿನ ಸಂದಿಗೆ ಹೋಯಿತು. ಹುಡುಗಿಯ ವಯಸ್ಸು ಹದಿನೇಳು ತುಂಬಿತು.

ಯಾರಿಗೂ ಕಾಯದೆ ಅವಳು ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಬಿಸಿಲು ಏರಿತ್ತು. ಹಿಂದೆ ಚಪ್ಪಲಿಯ ಸದ್ದು. ಹುಡುಗಿ ಓಡಿ ಬಂದಳು. ಅಳುತ್ತಾಳೆ ಅಂತ ಚೌಡವ್ವ ತಿರುಗಿ ನೋಡಿದಳು. ಆ ಅಳು ಅವಳಿಗೆ ನೋಡಬೇಕಿತ್ತು. ಹುಡುಗಿ ಅಳುತ್ತಿರಲಿಲ್ಲ. ಕನ್ನಡಕದ ಹಿಂದೆ ಕಣ್ಣುಗಳು ಒಣಗಿ ಕೆಂಪಾಗಿದ್ದವು. ಏದುಸಿರು ತಗ್ಗುವ ತನಕ ನಿಂತಳು, ಆಮೇಲೆ ಕೇಳಿದಳು.

"ಕೈ ಎಲ್ಲಿ ತನಕ ಬಂದಿತ್ತು?"

"ಮೊಣಕೈ ತನಕ."

"ನೀವು ಗಾಡಿ ಕಟ್ರಿ ಅಂದಾಗ ಮಗೂಗೆ ಜೀವ ಇತ್ತಾ?"

"ಬೆರಳು ಅಲ್ಲಾಡ್ತಿತ್ತು."

"ಅವ್ವಗೆ ಎಚ್ಚರ ಇತ್ತಾ?"

"ಇತ್ತು. ನಿನ್ನ ಹೆಸರು ಹಿಡಿದು ಕರೆದಳು. ಶಾಂತೀನ ಅತ್ತ ಕಡಿಗೆ ಎತ್ತಿಕೊಂಡು ಹೋಗ್ರಿ, ಹೆದರ್ತೈತೆ ಅಂದಳು." ಇದೂ ನಿಜ. ಹೇಳಿದ ಮೇಲೆಯೇ ನಿಜ ಅಂತ ಚೌಡವ್ವನಿಗೆ ಗೊತ್ತಾಯಿತು. ಬಾಗಿಲ ಸಂದಿಯಲ್ಲಿ ಒಂದು ಮೋಟು ಕೂಸು ನಿಂತಿತ್ತು, ಬಾಯಲ್ಲಿ ಬೆಲ್ಲ. ಹುಡುಗಿಯ ಬಗ್ಗೆ ಅವಳಿಗಿದ್ದ ಒಂದೇ ನೆನಪು ಅದು.

ಹುಡುಗಿ ತುಟಿ ಒತ್ತಿ ಹಿಡಿದಳು. ಬಸ್‌ಸ್ಟ್ಯಾಂಡಿನ ನೆರಳಿನಲ್ಲಿ, ದಾವಣಗೆರೆ ಬಸ್ಸಿನ ಪಕ್ಕ, ಪರಮೇಶ್ವರಪ್ಪ ಬಂದು ನಿಂತಿದ್ದ. ಕಾಗದಪತ್ರದ ಚೀಲವನ್ನು ಎದೆಗೆ ಒತ್ತಿಕೊಂಡಿದ್ದ. ಬೇಕಾದದ್ದು ಅದರೊಳಗಿತ್ತು. ಹತ್ತಿರ ಬರಲಿಲ್ಲ. ಅಲ್ಲಿಂದಲೇ ಇವರಿಬ್ಬರನ್ನು ನೋಡುತ್ತಿದ್ದ.

"ಗಾಡಿ ಕಟ್ಟಿದ್ರೆ ಬದುಕ್ತಿದ್ದಳಾ?" ಹುಡುಗಿ ಕೇಳಿದಳು.

ಈ ಪ್ರಶ್ನೆಯನ್ನು ಚೌಡವ್ವ ತನಗೆ ತಾನು ಕೇಳಿಕೊಳ್ಳದ ವರ್ಷವಿಲ್ಲ. ಮಳೆ ಬಿದ್ದ ಕರಿನೆಲದ ದಾರಿ. ಚಕ್ರ ಹುಗಿಯುತ್ತಿತ್ತು. ರಕ್ತದ ಬಣ್ಣ ಆಗಲೇ ಬೇರೆಯಾಗಿತ್ತು. ಅರ್ಧ ದಾರಿಯಲ್ಲೇ ಹೋಗಿಬಿಡುತ್ತಿದ್ದಳೇನೋ. ಆಸ್ಪತ್ರೆಯಲ್ಲಿ ಡಾಕ್ಟರು ಇರುತ್ತಿದ್ದರೋ ಇಲ್ಲವೋ. ಇದ್ದರೂ. ಮತ್ತೆ ಆ ಬೆರಳಿಗೆ ಹರಿದ ಹಾಗೆ ಅನಿಸಿದ್ದು. ಗೊತ್ತಿಲ್ಲ ಅಂದರೆ ಅದೇ ನಿಜ. ಗೊತ್ತಿಲ್ಲ ಅಂದರೆ ಹುಡುಗಿ ಆ ಗೊತ್ತಿಲ್ಲದ ಜಾಗದಲ್ಲಿ ಅಪ್ಪನಿಗೆ ಒಂದು ಮೂಲೆ ಮಾಡಿಕೊಡುತ್ತಾಳೆ. ಮಕ್ಕಳು ಮಾಡಿಕೊಡುತ್ತಾರೆ. ಇವತ್ತಲ್ಲದಿದ್ದರೆ ಮುಂದಿನ ವರ್ಷ.

"ಬದುಕ್ತಿದ್ದಳು" ಅಂದಳು. ಬಸ್ಸಿನ ತನಕ ಕೇಳುವ ಹಾಗೆ ಅಂದಳು.

"ಖಂಡಿತಾ?"

"ಖಂಡಿತಾ."

ಹುಡುಗಿ ತಲೆದೂಗಿದಳು, ಲೆಕ್ಕ ತಾಳೆಯಾದವರ ಹಾಗೆ. ಹೋಗಿ ಬಸ್ಸು ಹತ್ತಿದಳು. ಪರಮೇಶ್ವರಪ್ಪ ಅವಳಿಗಿಂತ ಮೊದಲೇ ಹತ್ತಿ, ಕಿಟಕಿಯ ಪಕ್ಕದ ಜಾಗವನ್ನು ಟವೆಲಿನಿಂದ ಹೊಡೆದು ಸರಿದು ಕೂತ. ಹುಡುಗಿ ಅವನನ್ನು ದಾಟಿ, ಹಿಂದೆ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತಳು. ಅವನು ತಿರುಗಿ ಏನೋ ಅಂದ. ಅವಳು ಪುಸ್ತಕ ತೆಗೆದಳು. ಸೀಟು ಸಿಗುತ್ತದೆ. ಮೈಸೂರಿಗೆ ಹೋಗುತ್ತಾಳೆ. ಊರಿಗೆ ಬರುವ ರಜೆಗಳು ಒಂದೊಂದೇ ಕಡಿಮೆಯಾಗುತ್ತವೆ.

"ಬರ್ತೀಯೇನವ್ವ, ಹೊಂಟಿತು" ಅಂತ ಕಂಡಕ್ಟರು ಕೂಗಿದ.

"ಮುಂದಿನದಕ್ಕೆ ಬರ್ತೀನಿ ಹೋಗಪ್ಪ."

ಬಸ್ಸು ಹೋದ ಮೇಲೆ ದೂಳು ಕೂರುವ ತನಕ ಅವಳು ನಿಂತೇ ಇದ್ದಳು. ಖಂಡಿತಾ ಅಂದ ದನಿ ಇನ್ನೂ ಕಿವಿಯಲ್ಲಿತ್ತು. ಎಲ್ಲಿಯೋ ಕೇಳಿದ ದನಿ. ಎಲ್ಲಿ ಅಂತ ಹುಡುಕಿದಳು. ಕತ್ತಲೆ ಕೋಣೆಗಳಲ್ಲಿ, ಹಗ್ಗ ಜಗ್ಗುವ ಹೆಂಗಸರ ಕಿವಿಯಲ್ಲಿ, ಇನ್ನು ಒಂದೇ ನೋವು ತಾಯಿ, ಒಂದೇ, ಆಯಿತು, ಬಂತು ಅನ್ನುತ್ತಿದ್ದ ದನಿ. ಇನ್ನೆಷ್ಟು ನೋವಿದೆಯೆಂದು ಯಾವತ್ತೂ ಅವಳಿಗೆ ಗೊತ್ತಿರುತ್ತಿರಲಿಲ್ಲ. ಆದರೂ ಗಟ್ಟಿಯಾಗಿ ಹೇಳುತ್ತಿದ್ದಳು, ಅವರು ನಂಬುತ್ತಿದ್ದರು. ಇಷ್ಟು ವರ್ಷ ಯಾರೂ ಅವಳ ಬಾಯಿಂದ ಏನನ್ನೂ ನಂಬಿರಲಿಲ್ಲ. ಇವತ್ತು ಒಬ್ಬಳು ನಂಬಿದಳು. ಚೌಡವ್ವ ಮಸಿಯ ಹೆಬ್ಬೆಟ್ಟನ್ನು ಹೊಸ ಸೀರೆಗೆ ಒರೆಸಿಕೊಂಡು, ನೆರಳು ಹುಡುಕಿ ಕೂತಳು.